ಲೋಟದ ಮೇಲೆ ಹೆಸರು ಹಾಕಿಸಿದ ಮಾಯಾ ದೊರೆಗಳು

ಮಧ್ಯ ಅಮೆರಿಕದ ಮಾಯಾ ಜನ ಮಾಡಿದ, ಸಾವಿರದ ಮುನ್ನೂರು ವರ್ಷ ಹಳೆಯ ಮಣ್ಣಿನ ಲೋಟ. ಅಂಚಿನ ಸುತ್ತ ಒಂದು ಸಾಲು ಚಿತ್ರಲಿಪಿ. ಅದರಲ್ಲಿ ಏನಿರಬಹುದು ಅಂತ ಊಹೆ ಮಾಡಿ ನೋಡೋಣ. ದೇವರ ಸ್ತುತಿ ಅಲ್ಲ. ಯುದ್ಧ ಗೆದ್ದ ಕಥೆಯೂ ಅಲ್ಲ. "ಇದು ಇಂಥವರು ಕೋಕೋ ಕುಡಿಯುವ ಲೋಟ" ಅಂತ ಇದೆ. ಸಾಲದ್ದಕ್ಕೆ ಆ ಇಂಥವರಿಗೆ ಇರುವ ಬಿರುದು ಬಾವಲಿಗಳೆಲ್ಲ ಸಾಲಾಗಿ ನಿಂತಿವೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ಯಾಕೆಂದರೆ ನಮ್ಮ ಅಪ್ಪ ಮಾಡುತ್ತಿದ್ದ ಕೆಲಸವೇ ಇದು. ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ಪಾತ್ರೆ ಅಂಗಡಿ, ಅದರ ಮೂಲೆಯಲ್ಲಿ ಒಂದು ಸ್ಟೂಲು, ಅಲ್ಲಿ ಕೂತು ಅಪ್ಪ ಗಿರಾಕಿಗಳು ಕೊಂಡ ಚೊಂಬು, ಬಿಂದಿಗೆ, ಕೊಳಗದ ಮೇಲೆ ಹೆಸರು ಹಾಕುತ್ತಿದ್ದರು. ಮೊದಮೊದಲು ಉಳಿ ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ, ಆಮೇಲೆ ಗುರ್ರ್ ಅನ್ನುವ ಕರೆಂಟ್ ಪೆನ್ನಿನಲ್ಲಿ. ಯಾರ ಮದುವೆ, ಯಾವ ತಾರೀಖು, ಕೊಟ್ಟವರು ಯಾರು. ಈಗ ಅಪ್ಪ ನಮ್ಮ ಜೊತೆ ಮೈಸೂರಿನಲ್ಲೇ ಇದ್ದಾರೆ, ಕಣ್ಣು ಸ್ವಲ್ಪ ಮಂಜು, ಆದರೆ ಮಾಯಾ ಲೋಟಗಳ ಫೋಟೋ ತೋರಿಸಿದರೆ ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿಕೊಂಡು ನೋಡುತ್ತಾರೆ. ಈ ಲೋಟಗಳ ಬಗ್ಗೆ ನನ್ನ ತಲೆಯಲ್ಲಿ ಇರುವುದರಲ್ಲಿ ಅರ್ಧ ಅವರು ಕೇಳಿದ ಪ್ರಶ್ನೆಗಳಿಂದ ಬಂದಿದ್ದು.

ಮಾಯಾ ಜನರ ಸೀಮೆ ಅಂದರೆ ಈಗಿನ ಗ್ವಾಟೆಮಾಲ, ಬೆಲೀಜ್, ಮೆಕ್ಸಿಕೋದ ದಕ್ಷಿಣ ಭಾಗ, ಹೊಂಡುರಾಸ್‌ನ ಪಶ್ಚಿಮದ ಅಂಚು. ಅವರು ಅಳಿದುಹೋದವರು ಅಂತ ಸುಮ್ನೆ ಬರೆಯುವವರು ಜಾಸ್ತಿ. ಹಾಗೇನಿಲ್ಲ, ಲಕ್ಷಾಂತರ ಜನ ಇವತ್ತಿಗೂ ಅಲ್ಲೇ ಇದ್ದಾರೆ, ಅವರ ಭಾಷೆಗಳನ್ನೇ ಆಡುತ್ತಾರೆ. ನಾನು ಹೇಳುತ್ತಿರುವ ಲೋಟಗಳು ಕ್ರಿ.ಶ. 250ರಿಂದ 900ರ ನಡುವಿನವು. ಅದರಲ್ಲೂ 600 ದಾಟಿದ ಮೇಲೆ ಮಾಡಿದವು ಕಣ್ಣು ಕೀಳದ ಹಾಗೆ ಇರುತ್ತವೆ.

ಮಾಡುವುದು ಹೇಗೆ? ತಿಗರಿ ಇರಲಿಲ್ಲ. ಮಣ್ಣನ್ನು ಉದ್ದಕ್ಕೆ ಹೊಸೆದು, ಸುತ್ತು ಮೇಲೆ ಸುತ್ತು ಏರಿಸಿ, ಕೈಯಲ್ಲೇ ಒತ್ತಿ ತೆಳ್ಳಗೆ ಮಾಡಿ ನೆಟ್ಟಗೆ ನಿಲ್ಲಿಸಬೇಕು. ಗ್ವಾಟೆಮಾಲದ ಉತ್ತರಕ್ಕಿರುವ ಪೆತೆನ್ ಕಡೆಯ ಎಷ್ಟೋ ಪಾತ್ರೆಗಳ ಮಣ್ಣಿಗೆ ಜ್ವಾಲಾಮುಖಿಯ ಬೂದಿ ಬೆರೆಸಿದ್ದಾರೆ, ಅಲ್ಲಿ ನೋಡಿದರೆ ಹತ್ತಿರದಲ್ಲಿ ಜ್ವಾಲಾಮುಖಿಯೇ ಇಲ್ಲ! ಬಣ್ಣವೂ ಮಣ್ಣಿನದೇ. ನುಣ್ಣನೆಯ ಜೇಡಿಯನ್ನು ನೀರಲ್ಲಿ ಕದಡಿ, ಕೆಂಪಿಗೆ ಕಬ್ಬಿಣದ ಅಂಶ ಇರುವ ಮಣ್ಣು, ಕಪ್ಪಿಗೆ ಮ್ಯಾಂಗನೀಸ್ ಇರುವ ಮಣ್ಣು. ಪಿಂಗಾಣಿಗೆ ಹಾಕುವಂಥ ಗಾಜಿನ ಲೇಪ ಅವರಲ್ಲಿ ಇರಲಿಲ್ಲ, ಉಜ್ಜಿ ಉಜ್ಜಿಯೇ ಹೊಳಪು ಬರಿಸುತ್ತಿದ್ದರು. ಆಮೇಲೆ ಕಡಿಮೆ ಕಾವಿನಲ್ಲಿ ಸುಡುವುದು. ಹಚ್ಚುವಾಗ ಕಂಡ ಬಣ್ಣ ಬೇರೆ, ಬೆಂಕಿಯಿಂದ ಆಚೆ ಬಂದ ಮೇಲಿನ ಬಣ್ಣ ಬೇರೆ. ಬರೆಯುವವನು ಮುಂದೆ ಆಗುವ ಬಣ್ಣವನ್ನು ತಲೆಯಲ್ಲಿ ಇಟ್ಟುಕೊಂಡೇ ಕುಂಚ ಆಡಿಸಬೇಕು. ಅದೂ ಎಂಥ ಕುಂಚ ಅಂತೀರಿ, ಕೆಲವು ಗೆರೆ ಕೂದಲೆಳೆಗಿಂತ ದಪ್ಪ ಇಲ್ಲ. ಶಂಖವನ್ನು ಕೊಯ್ದು ಮಸಿಕುಡಿಕೆ ಮಾಡಿಕೊಳ್ಳುತ್ತಿದ್ದರು, ಅವೂ ಸಿಕ್ಕಿವೆ.

ಬರಹದ ವಿಷಯಕ್ಕೆ ಬರೋಣ, ನನಗೆ ಇಷ್ಟವಾದದ್ದು ಅದೇ.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಮಾಯಾ ಅಧ್ಯಯನಕ್ಕೆ ದೊಡ್ಡ ಯಜಮಾನ ಅಂದರೆ ಎರಿಕ್ ಥಾಮ್ಸನ್. ಪಾತ್ರೆ ಮೇಲಿನ ಲಿಪಿಗೆ ಅರ್ಥ ಗಿರ್ಥ ಏನಿಲ್ಲ, ಓದು ಬರಹ ಬಾರದ ಕುಶಲಕರ್ಮಿಗಳು ಅಂದಕ್ಕೆ ಬರೆದದ್ದು ಅನ್ನುವುದು ಅವರ ಅಭಿಪ್ರಾಯ. ಅವರ ಮಾತು ಮೀರುವವರು ಕಡಿಮೆ ಇದ್ದರು. 1971ರಲ್ಲಿ ನ್ಯೂಯಾರ್ಕಿನ ಗ್ರೋಲಿಯರ್ ಕ್ಲಬ್ಬಿನಲ್ಲಿ ಮೈಕೆಲ್ ಕೋ ಅನ್ನುವ ವಿದ್ವಾಂಸರು ಇಂಥ ಪಾತ್ರೆಗಳದ್ದೊಂದು ಪ್ರದರ್ಶನ ಏರ್ಪಡಿಸಿದರು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅವರಿಗೆ ಒಂದು ವಿಷಯ ಹೊಳೆಯಿತು: ಬೇರೆ ಬೇರೆ ಪಾತ್ರೆಗಳ ಅಂಚಿನಲ್ಲಿ ಅವೇ ಚಿಹ್ನೆಗಳು, ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತಿವೆ. 1973ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಸತ್ತವರಿಗಾಗಿ ಹೇಳುವ ಯಾವುದೋ ಮಂತ್ರ ಇರಬೇಕು ಅನ್ನುವುದು ಅವರ ಊಹೆ. ಪಾತಾಳ, ದೇವರು, ಸಾವು ಇವೇ ಚಿತ್ರಗಳಲ್ಲಿ ತುಂಬಿದ್ದವಲ್ಲ, ಹಾಗೆ ಅನ್ನಿಸಿದ್ದು ಸಹಜ.

ಗಂಟು ಬಿಚ್ಚಿದ್ದು ಒಂದು ಓಲೆ. 1979ರಲ್ಲಿ ಪೀಟರ್ ಮ್ಯಾಥ್ಯೂಸ್ ಅನ್ನುವವರು ಬೆಲೀಜಿನ ಆಲ್ತುನ್ ಹಾ ಊರಿನಲ್ಲಿ ಸಿಕ್ಕ ಕಿವಿಯೋಲೆಯ ಮೇಲಿನ ಬರಹ ಓದಿದರು. "ಇವರ ಓಲೆ" ಅಂತ ಇತ್ತು, ಅಷ್ಟೇ. ವಸ್ತುವಿನ ಮೇಲೆ ಯಜಮಾನನ ಹೆಸರು. ಆಮೇಲೆ 1980ರ ದಶಕದಲ್ಲಿ ಡೇವಿಡ್ ಸ್ಟುವರ್ಟ್, ಸ್ಟೀಫನ್ ಹ್ಯೂಸ್ಟನ್, ನಿಕೋಲಾಯ್ ಗ್ರೂಬೆ, ಬಾರ್ಬರಾ ಮೆಕ್‌ಲಾಡ್ ಮೊದಲಾದವರು ಒಂದೊಂದೇ ಚಿಹ್ನೆ ಬಿಡಿಸುತ್ತಾ ಹೋದ ಹಾಗೆ ಪಾತ್ರೆಗಳೂ ಮಾತಾಡಿದವು. ಮೊದಲು ಪಾತ್ರೆಯನ್ನು ಒಪ್ಪಿಸಿದ್ದು, ಆಮೇಲೆ ಇದು ಯಾವ ಥರದ ಪಾತ್ರೆ, ಒಳಗೆ ಏನು ಹಾಕುತ್ತಾರೆ, ಕೊನೆಗೆ ಯಾರದು. ತಟ್ಟೆಯಾದರೆ ತಟ್ಟೆ ಅಂತಲೇ ಬರೆದಿರುತ್ತದೆ. ಬಟ್ಟಲಾದರೆ ಎಷ್ಟೋ ಸಲ ಮೆಕ್ಕೆಜೋಳದ ಗಂಜಿಗೆ ಅಂತ. ಉದ್ದನೆಯ ಲೋಟವಾದರೆ ಹೆಚ್ಚಾಗಿ ಕೋಕೋಗೆ.

ಇದನ್ನು ಕೇಳಿ ಅಪ್ಪನಿಗೆ ಒಂದಿಷ್ಟೂ ಆಶ್ಚರ್ಯ ಆಗಲಿಲ್ಲ. "ಇನ್ನೇನ್ಲಾ ಬರೀತಾರೆ ಪಾತ್ರೆ ಮೇಲೆ? ರಾಮಾಯಣ ಬರೀತಾರಾ?" ಅಂದರು. ನನಗಂತೂ ಇದು ದೊಡ್ಡ ವಿಷಯ. ಮಂತ್ರ ಅಂದುಕೊಂಡಿದ್ದದ್ದು ಮಂತ್ರ ಅಲ್ಲ ಅಂತ ಗೊತ್ತಾದಾಗ ಲೋಟದ ಬೆಲೆ ನನ್ನ ಕಣ್ಣಲ್ಲಿ ಇಳಿಯಲಿಲ್ಲ, ಏರಿತು. ಯಾರೋ ಒಬ್ಬ ಮನುಷ್ಯ ಅದನ್ನು ಕೈಯಲ್ಲಿ ಹಿಡಿದು ಕುಡಿದಿದ್ದಾನೆ ಅಂತಾಯಿತಲ್ಲ.

ಥಾಮ್ಸನ್ ಹೇಳಿದ್ದರಲ್ಲಿ ಒಂದು ಸಣ್ಣ ನಿಜವೂ ಇದೆ ಅನ್ನಬೇಕು. ಕೆಲವು ಪಾತ್ರೆಗಳ ಮೇಲಿನ ಬರಹ ನಿಜಕ್ಕೂ ಓದಕ್ಕಾಗಲ್ಲ. ಲಿಪಿಯ ಹಾಗೇ ಕಾಣುತ್ತದೆ, ಆದರೆ ಅರ್ಥ ಹೊರಡುವುದಿಲ್ಲ, ಒಂದೇ ಚಿಹ್ನೆ ಸುತ್ತಲೂ ಮೂರು ಮೂರು ಸಲ ಬಂದಿರುತ್ತದೆ. ಬರೆದವನಿಗೆ ಅಕ್ಷರ ಬರುತ್ತಿರಲಿಲ್ಲವೋ, ಕೊಂಡವನಿಗೆ ಓದಲು ಬರುತ್ತಿರಲಿಲ್ಲವೋ, ಅಥವಾ ಇಬ್ಬರಿಗೂ ಅದು ಬೇಕಿರಲಿಲ್ಲವೋ. ಇದಕ್ಕೂ ಅಪ್ಪನ ಹತ್ತಿರ ಉದಾಹರಣೆ ಇತ್ತು. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಓದು ಬರುತ್ತಿರಲಿಲ್ಲವಂತೆ. ಚೀಟಿಯಲ್ಲಿ ಬರೆದುಕೊಟ್ಟರೆ ಅದೇ ಆಕಾರ ನೋಡಿಕೊಂಡು ಕೊರೆಯುತ್ತಿದ್ದರು, ಅಪ್ಪನಿಗಿಂತ ಅಂದವಾಗಿ. ಚೀಟಿಯಲ್ಲಿ ತಪ್ಪಿದ್ದರೆ ಚೊಂಬಿನ ಮೇಲೂ ಅದೇ ತಪ್ಪು. ಚೀಟಿ ತಲೆಕೆಳಗಾಗಿ ಇಟ್ಟುಕೊಂಡರೆ ಮುಗೀತು ಕಥೆ.

ಲೋಟದಲ್ಲಿ ಕೋಕೋ ಇತ್ತು ಅಂತ ಬರಹ ಹೇಳಿದರೆ ಸಾಕಾ, ಸಾಕ್ಷಿ ಬೇಡವಾ? ಅದೂ ಇದೆ. ಗ್ವಾಟೆಮಾಲದ ರಿಯೊ ಅಸೂಲ್ ಅನ್ನುವ ಕಡೆ 1984ರಲ್ಲಿ ಒಂದು ಗೋರಿ ತೆಗೆದರು. ಆ ಜಾಗವನ್ನು ಕಳ್ಳರು ಅದಕ್ಕೂ ಮೊದಲೇ ಅಗೆದು ಅಗೆದು ಬರಿದು ಮಾಡಿದ್ದರು, ಪುಣ್ಯಕ್ಕೆ ಈ ಗೋರಿ ಉಳಿದಿತ್ತು. ಒಳಗೆ ಐದನೇ ಶತಮಾನದ ಒಂದು ಪಾತ್ರೆ, ತಿರುಗಿಸಿ ಬಿಗಿ ಮಾಡುವ ಮುಚ್ಚಳ, ಮುಚ್ಚಳಕ್ಕೆ ಹಿಡಿ. ಮೇಲೆ ಕೋಕೋ ಅಂತ ಬರೆದಿದೆ ಅಂದರು ಸ್ಟುವರ್ಟ್. ತಳದಲ್ಲಿ ಒಣಗಿ ಅಂಟಿದ್ದ ಗಷ್ಟನ್ನು ಕೆರೆದು ಅಮೆರಿಕದ ಹರ್ಷೀ ಚಾಕೊಲೇಟ್ ಕಂಪನಿಯ ಪ್ರಯೋಗಾಲಯಕ್ಕೆ ಕಳಿಸಿದರು. ಕೋಕೋದಲ್ಲಿ ಇರುವ ಥಿಯೊಬ್ರೋಮಿನ್, ಕೆಫೀನ್ ಎರಡೂ ಸಿಕ್ಕವು. ಓದಿದ್ದು ಸರಿ ಅಂತ ಇಷ್ಟು ಚೆನ್ನಾಗಿ ಮುದ್ರೆ ಬೀಳುವುದು ಲಿಪಿ ಓದುವವರ ಭಾಗ್ಯದಲ್ಲಿ ಅಪರೂಪ. ಮೈಸೂರಿನಲ್ಲಿ ಶಾಸನ ಓದುವವರಿಗೇನೂ ಕೊರತೆ ಇಲ್ಲ, ಅವರನ್ನು ಕೇಳಿ ನೋಡಿ, ಹೊಟ್ಟೆ ಉರಿಸಿಕೊಳ್ಳುತ್ತಾರೆ.

ಅವರ ಕೋಕೋಗೂ ನಮ್ಮ ಸಿಹಿ ಚಾಕೊಲೇಟಿಗೂ ಸಂಬಂಧ ಕಡಿಮೆ. ನೀರಲ್ಲಿ ಕದಡಿದ ಕಹಿ ಪಾನೀಯ, ಕೆಲವೊಮ್ಮೆ ಮೆಣಸಿನಕಾಯಿ, ಕೆಲವೊಮ್ಮೆ ಮೆಕ್ಕೆಜೋಳದ ಹಿಟ್ಟು. ಮುಖ್ಯವಾಗಿ ಬೇಕಾದದ್ದು ನೊರೆ. ಅದಕ್ಕೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ಯಬೇಕು. ಮೈಸೂರಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಹೊಯ್ಯುವ ಹೆಂಗಸೊಬ್ಬಳ ಚಿತ್ರ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿರುವ ಒಂದು ಲೋಟದ ಮೇಲಿದೆ. ಪ್ರಿನ್ಸ್‌ಟನ್ ಲೋಟ ಅಂತಲೇ ಅದಕ್ಕೆ ಹೆಸರು. ಒಂದು ಗೇಣಿನಷ್ಟು ಎತ್ತರ, ಕೆನೆ ಬಣ್ಣದ ಮೇಲೆ ಕಪ್ಪು ಕಂದು ಗೆರೆ. ಸಿಂಹಾಸನದ ಮೇಲೆ ಮುದಿ ದೇವರೊಬ್ಬ. ವಿದ್ವಾಂಸರು ಅವನನ್ನು ಎಲ್ (L) ದೇವರು ಅಂತ ಕರೆಯುತ್ತಾರೆ. ವಯಸ್ಸಾದರೂ ಆಸೆ ಹೋಗಿಲ್ಲ, ಮುಂದೆ ಮಂಡಿಯೂರಿದ ಹುಡುಗಿಯ ಕೈಗೆ ಕಡಗ ಕಟ್ಟುತ್ತಿದ್ದಾನೆ. ಸುತ್ತ ಇನ್ನೂ ನಾಲ್ಕು ಜನ ಹೆಂಗಸರು. ಕೆಳಗೆ ಮೊಲವೊಂದು ಕೂತು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದೆ, ಪುಸ್ತಕಕ್ಕೆ ಚಿರತೆಯ ಹಾಗಿರುವ ಜಾಗ್ವಾರ್ ಚರ್ಮದ ರಟ್ಟು. ಎಷ್ಟು ಮುದ್ದಾಗಿದೆ ಅಂದುಕೊಂಡು ಲೋಟವನ್ನು ಇನ್ನಷ್ಟು ತಿರುಗಿಸಿದರೆ, ಮುಖವಾಡ ಹಾಕಿದ ಇಬ್ಬರು ಒಬ್ಬ ಬಂದಿಯ ತಲೆ ಕಡಿಯುತ್ತಿದ್ದಾರೆ.

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಲ್ಲ ಕಣ್ಲಾ, ಕುಡಿಯೋ ಲೋಟದ ಮ್ಯಾಲೆ ತಲೆ ಕಡಿಯೋದನ್ನ ಯಾರ್ಲಾ ಬರೀತಾರೆ?"

ಬರೆದಿದ್ದಾರೆ, ಅದೂ ಎಂಥ ಉಪಾಯ ಮಾಡಿ! ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಪಾದ ಮುಟ್ಟಿ, ಅಲ್ಲಿ ನೋಡೇ ಅನ್ನುವ ಹಾಗೆ ಎಚ್ಚರಿಸುತ್ತಾಳೆ. ಏನು ನೋಡಬೇಕು ಅಂತ ತಿಳಿಯಬೇಕಾದರೆ ಲೋಟ ಹಿಡಿದವನೇ ಲೋಟ ತಿರುಗಿಸಬೇಕು. ಗೋಡೆಯ ಮೇಲಿನ ಚಿತ್ರಕ್ಕೆ ಈ ಆಟ ಆಡಲು ಬರುವುದಿಲ್ಲ. ನಾಲ್ಕು ಜನ ಕೂತು ಕುಡಿಯುವಾಗ ಒಬ್ಬನಿಗೆ ಮೊಲ ಕಂಡರೆ ಎದುರಿನವನಿಗೆ ಕೊಲೆ ಕಾಣುತ್ತದೆ.

ಈಗ ಇವೆಲ್ಲ ಗಾಜಿನ ಪೆಟ್ಟಿಗೆ ಒಳಗೆ, ತಿರುಗಿಸುವ ಮಾತೇ ಇಲ್ಲ. ಅದಕ್ಕೆ ಪರಿಹಾರ ಹುಡುಕಿದ್ದು ಜಸ್ಟಿನ್ ಕೆರ್ ಅನ್ನುವ ನ್ಯೂಯಾರ್ಕಿನ ಫೋಟೋಗ್ರಾಫರ್. 1970ರ ದಶಕದಲ್ಲಿ ಅವರು ಒಂದು ಕ್ಯಾಮೆರಾವನ್ನು ತಾವೇ ಕಟ್ಟಿಕೊಂಡರು. ಲೋಟ ತಿರುಗುವ ಹಲಗೆಯ ಮೇಲೆ ನಿಧಾನಕ್ಕೆ ಸುತ್ತುತ್ತದೆ, ಕ್ಯಾಮೆರಾದ ಒಳಗೆ ಸಣ್ಣ ಸೀಳಿನ ಹಿಂದೆ ಫಿಲ್ಮ್ ಅದೇ ವೇಗದಲ್ಲಿ ಸರಿಯುತ್ತದೆ. ಒಂದು ಸುತ್ತು ಮುಗಿದರೆ ಇಡೀ ಚಿತ್ರ ಚಪ್ಪಟೆಯಾಗಿ ಬಿಚ್ಚಿಕೊಂಡಿರುತ್ತದೆ. ಸಾವಿರಕ್ಕೂ ಹೆಚ್ಚು ಪಾತ್ರೆಗಳನ್ನು ಹೀಗೆ ತೆಗೆದು, ಒಂದೊಂದಕ್ಕೂ ನಂಬರ್ ಕೊಟ್ಟು, ಎಲ್ಲರಿಗೂ ನೋಡಲು ಸಿಗುವ ಹಾಗೆ ಮಾಡಿದರು. ಅದಕ್ಕೂ ಮೊದಲು ಈ ಕೆಲಸವನ್ನು ಕೈಯಲ್ಲೇ ಮಾಡುತ್ತಿದ್ದರು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮ್ಯೂಸಿಯಂಗಾಗಿ ಲೂಯಿಸ್ ಬೇಕರ್ ಅನ್ನುವ ಕಲಾವಿದೆ ಬರೆದ ಜಲವರ್ಣದ ಪ್ರತಿಗಳು ಈಗಲೂ ನೋಡುವ ಹಾಗಿವೆ. ಒಂದು ವಿಷಯ ಮಾತ್ರ ನೆನಪಿರಲಿ, ಬಿಚ್ಚಿ ಹರಡಿದ ಈ ಚಿತ್ರವನ್ನು ಬರೆದವನೂ ನೋಡಿರಲಿಲ್ಲ, ಕುಡಿದವನೂ ನೋಡಿರಲಿಲ್ಲ. ಅದು ನಮಗಾಗಿ ಮಾಡಿಕೊಂಡದ್ದು.

ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಲೋಟವನ್ನು ದೊರೆ ಬರೀ ಕುಡಿಯಲು ಇಟ್ಟುಕೊಳ್ಳುತ್ತಿದ್ದನಾ? ಇಲ್ಲ, ಕೊಡುತ್ತಿದ್ದ. ಬೆಲೀಜಿನ ಬ್ವೆನಾವಿಸ್ತಾ ದೆಲ್ ಕಾಯೊ ಅನ್ನುವ ಸಣ್ಣ ಊರಿನಲ್ಲಿ ಒಬ್ಬ ಯುವಕನ ಗೋರಿಯಲ್ಲಿ ಒಂದು ಸೊಗಸಾದ ಲೋಟ ಸಿಕ್ಕಿತು. ಮೇಲಿರುವ ಹೆಸರು ಸತ್ತವನದಲ್ಲ, ಅಲ್ಲಿಗೆ ಹತ್ತಿರದ ದೊಡ್ಡ ರಾಜ್ಯ ನರಾಂಹೋದ ದೊರೆ ಕಾಕ್ ತಿಲಿವ್ ಚಾನ್ ಚಾಕ್‌ನದು. ಅವನು 693ರಲ್ಲಿ, ಇನ್ನೂ ಐದು ವರ್ಷದ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದವನು. ದೊಡ್ಡವನು ಚಿಕ್ಕವನಿಗೆ ತನ್ನ ಹೆಸರಿರುವ ಲೋಟ ಕೊಟ್ಟಿದ್ದಾನೆ ಅಂತ ಅಗೆದವರ ಲೆಕ್ಕ. ಅಪ್ಪನಿಗೆ ಇದು ಥಟ್ಟಂತ ಅರ್ಥವಾಯಿತು. ಮದುವೆ ಮುಯ್ಯಿಗೆ ಕೊಳಗ ತರುವವರಲ್ಲಿ ಎರಡು ಥರ ಅಂತೆ. ಕೆಲವರಿಗೆ ಗಂಡು ಹೆಣ್ಣಿನ ಹೆಸರು ದೊಡ್ಡದಾಗಿ ಬರಬೇಕು. ಇನ್ನು ಕೆಲವರು, ಊರಲ್ಲಿ ಸ್ವಲ್ಪ ಓಡಾಡುವ ಜನ, ಕೊಟ್ಟವರ ಹೆಸರೇ ದಪ್ಪಗೆ ಕಾಣಬೇಕು ಅಂತ ಪಕ್ಕದಲ್ಲೇ ನಿಂತು ಹೇಳಿ ಹಾಕಿಸುತ್ತಿದ್ದರು. ಅಂಥ ಕೊಳಗದಲ್ಲಿ ನಾಳೆ ಸಾರು ಮಾಡಿದಾಗಲೆಲ್ಲ ಅವರ ಹೆಸರೇ ಕಣ್ಣಿಗೆ ಬೀಳಬೇಕು. ಮುಯ್ಯಿ ತೀರಿಸುವ ತನಕ ನೆನಪಿರಬೇಕು.

ಯಜಮಾನನ ಹೆಸರಾಯಿತು, ಬರೆದವನ ಹೆಸರು? ಮಾಯಾ ಪಾತ್ರೆಗಳಲ್ಲಿ ಅದೂ ಇದೆ, ಆದರೆ ತೀರಾ ಕಡಿಮೆ. ಎಂಟನೇ ಶತಮಾನದ ಆಹ್ ಮಾಶಾಮ್ ಅನ್ನುವವನ ಕೈಯಿಂದ ಬಂದ ಒಂದು ಲೋಟ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ, ಕುಣಿಯುವ ಮೆಕ್ಕೆಜೋಳದ ದೇವರ ಚಿತ್ರ. ಅವನು ನರಾಂಹೋ ರಾಜಮನೆತನದವನು. ಅಂದರೆ ಕುಂಚ ಹಿಡಿದವನು ಯಾರೋ ಕೂಲಿಯವನಲ್ಲ, ಅರಮನೆಯ ಹುಡುಗ. ನಾನು ಇದನ್ನು ಹೇಳುತ್ತಾ ಸೋಮನಾಥಪುರದ ಮಲ್ಲಿತಮ್ಮನನ್ನು ನೆನಪಿಸಿದೆ. ಹದಿಮೂರನೇ ಶತಮಾನದ ಆ ಗುಡಿಯಲ್ಲಿ ವಿಗ್ರಹಗಳ ಕೆಳಗೆ ತನ್ನ ಹೆಸರು ಕೆತ್ತಿಕೊಂಡ ಶಿಲ್ಪಿ. ಅಪ್ಪನ ಉತ್ತರ ಇಷ್ಟೇ: "ಅವರು ದೊಡ್ಡೋರು. ನಮ್ ಹೆಸರು ಹಾಕಿದ್ರೆ ಗಿರಾಕಿ ಚೊಂಬಲ್ಲೇ ಹೊಡೆಯೋನು."

ಇವೆಲ್ಲ ನಮಗೆ ಯಾಕೆ ಇಷ್ಟು ಮುಖ್ಯ ಅಂದರೆ, ಅವರ ಪುಸ್ತಕಗಳು ಹೋದವು. 1562ರಲ್ಲಿ ಯುಕಾತಾನಿನ ಮನೀ ಊರಿನಲ್ಲಿ ದಿಯೇಗೊ ದೆ ಲಾಂದಾ ಅನ್ನುವ ಸ್ಪೇನಿನ ಪಾದ್ರಿ ಸಿಕ್ಕ ಪುಸ್ತಕಗಳನ್ನೆಲ್ಲ ಸುಡಿಸಿದ. ಇನ್ನುಳಿದದ್ದನ್ನು ತೇವ, ಹುಳು ತಿಂದವು. ಈಗ ಇರುವುದು ನಾಲ್ಕೇ ಪುಸ್ತಕ, ಅವೂ ಈ ಲೋಟಗಳಿಗಿಂತ ಎಷ್ಟೋ ಶತಮಾನ ಈಚಿನವು. ಹಾಗಾಗಿ ಏಳು, ಎಂಟನೇ ಶತಮಾನದವರು ಕುಂಚದಲ್ಲಿ ಏನೇನು ಮಾಡಬಲ್ಲವರಾಗಿದ್ದರು ಅಂತ ನೋಡಬೇಕಾದರೆ ಕೆಲವು ಗೋಡೆಚಿತ್ರ ಬಿಟ್ಟರೆ ಪಾತ್ರೆಗಳೇ ಗತಿ.

ಆ ಪಾತ್ರೆಗಳಲ್ಲಿ ಎಷ್ಟೋ ಬಂದದ್ದು ಕಳ್ಳತನದಿಂದ. 1960, 70ರ ದಶಕಗಳಲ್ಲಿ ಪೆತೆನ್ ಕಾಡಿನಲ್ಲಿ ಗೋರಿಗಳನ್ನು ಬಗೆದು ಬಗೆದು ಮಾರಿದರು. ಅಗೆದವನಿಗೆ ಚಿಲ್ಲರೆ ಕಾಸು, ನಡುವಿನವನಿಗೆ ದುಡ್ಡು, ಕೊನೆಗೆ ಶ್ರೀಮಂತರ ಮನೆ, ಅಲ್ಲಿಂದ ಮ್ಯೂಸಿಯಂ. ಅಮೆರಿಕ ಪೆತೆನ್ ವಸ್ತುಗಳ ಆಮದಿಗೆ ತಡೆ ಹಾಕಿದ್ದು 1991ರಲ್ಲಿ, ಅಷ್ಟರಲ್ಲಿ ಆಗುವ ಅನಾಹುತ ಆಗಿಹೋಗಿತ್ತು. ಪ್ರಿನ್ಸ್‌ಟನ್ ಲೋಟಕ್ಕೂ ಇಂಥ ಗೋರಿಯಲ್ಲಿ ಸಿಕ್ಕಿತು ಅನ್ನುವ ದಾಖಲೆ ಇಲ್ಲ. ಯಾರ ಲೋಟ, ಒಳಗೆ ಏನು ಅಂತ ಎಲ್ಲ ಹೇಳುವ ವಸ್ತು, ಎಲ್ಲಿಂದ ಬಂತು ಅನ್ನುವುದೊಂದನ್ನು ಹೇಳುವುದಿಲ್ಲ. ಜೊತೆಗೆ ಇದ್ದ ಎಲುಬು, ಮಣಿ, ಪಕ್ಕದ ಪಾತ್ರೆ ಎಲ್ಲ ಚೆಲ್ಲಾಪಿಲ್ಲಿ. ಮ್ಯೂಸಿಯಂಗಳು ಚೀಟಿಯಲ್ಲಿ ಸುಮ್ನೆ "ಗ್ವಾಟೆಮಾಲ, ಪೆತೆನ್" ಅಂತ ಬರೆದು ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಗೆದು ಕದ್ದದ್ದು ಅಂತ ಗೊತ್ತಿದ್ದರೆ ಹಾಗೇ ಬರೆಯಲಿ.

ಪೇಟೆ ಬೀದಿಯ ಲೆಕ್ಕ ಇಲ್ಲಿ ಉಲ್ಟಾ. ನಮ್ಮಲ್ಲಿ ಹೆಸರು ಹಾಕಿದ ಪಾತ್ರೆಗೆ ಹಳೆ ಪಾತ್ರೆ ಕೊಳ್ಳುವವನು ಬೆಲೆ ಇಳಿಸುತ್ತಾನೆ. ಕದ್ದು ತಂದವನಂತೂ ಮೊದಲು ಹೆಸರು ಉಜ್ಜಿಸಿಬಿಡುತ್ತಾನೆ. ಮಾಯಾ ಲೋಟಕ್ಕೆ ಹೆಸರು ಇದ್ದಷ್ಟೂ ಬೆಲೆ ಜಾಸ್ತಿ. ಎಷ್ಟು ಅಂದರೆ, ಸವೆದ ಗೆರೆಗಳ ಮೇಲೆ ಹೊಸ ಬಣ್ಣ ತೀಡಿ ಮಾರಿದ್ದಾರೆ. ಕೆಲವು ಲೋಟಗಳಲ್ಲಿ ಹಳಬರು ಬರೆದದ್ದು ಎಷ್ಟು, ರಿಪೇರಿಯವನು ಬರೆದದ್ದು ಎಷ್ಟು ಅಂತ ಬೇರ್ಪಡಿಸುವುದೇ ತಲೆನೋವು.

ಕಳೆದುಹೋದ ವಿಳಾಸವನ್ನು ಸ್ವಲ್ಪ ಮಟ್ಟಿಗೆ ಹುಡುಕುವ ದಾರಿಯೂ ಇದೆ. ಲೋಟದ ತಳದಿಂದ ಚಿಟಿಕೆ ಪುಡಿ ತೆಗೆದು, ಅಣು ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಹಾಯಿಸಿ, ಮಣ್ಣಿನಲ್ಲಿ ಯಾವ ಯಾವ ಧಾತು ಎಷ್ಟೆಷ್ಟು ಸೂಕ್ಷ್ಮವಾಗಿ ಇದೆ ಅಂತ ಅಳೆಯುತ್ತಾರೆ. ರೊನಾಲ್ಡ್ ಬಿಷಪ್, ಡೋರಿ ರೀಂಟ್ಸ್-ಬುಡೆ ಇದರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಕೆನೆ ಬಣ್ಣದ ಮೇಲೆ ಕಪ್ಪು ಗೆರೆಯ ಲೋಟಗಳ ಮಣ್ಣು ಪೆತೆನ್ ಉತ್ತರದ ಮಿರಾದೋರ್, ನಕ್ಬೆ ಅನ್ನುವ ಹಳೆಯ ಊರುಗಳ ಸುತ್ತಿನ ಕಡೆಗೆ ಕೈ ತೋರಿಸಿತು. ಗುಲಾಬಿ ಬಣ್ಣದ ಅಕ್ಷರ, ದರ್ಬಾರಿನ ದೃಶ್ಯ ಇರುವ ಇನ್ನೊಂದು ಬಗೆ, ಪೆತೆನ್ ಇತ್ಸಾ ಸರೋವರದ ಹತ್ತಿರದ ಮೋತುಲ್ ದೆ ಸಾನ್ ಹೊಸೆ ಸೀಮೆಯದು. ಹೋಲಿಸಿ ನೋಡಲು ಬೇಕಾಗುವುದು ಪುರಾತತ್ವದವರು ಸರಿಯಾಗಿ ಅಗೆದು, ಗುರುತು ಹಾಕಿ ಎತ್ತಿಟ್ಟ ಪಾತ್ರೆ ಚೂರು. ತಿಪ್ಪೆಯಲ್ಲಿ ಬಿದ್ದಿದ್ದವೂ ಆಗುತ್ತವೆ. ಕಳ್ಳರು ಅವನ್ನು ಕಾಲಲ್ಲಿ ಒದ್ದು ಮುಂದೆ ಹೋಗಿದ್ದರು.

ಅಪ್ಪನಿಗೆ ನ್ಯೂಟ್ರಾನ್ ಗೀಟ್ರಾನ್ ತಲೆಗೆ ಹೋಗಲಿಲ್ಲ, ಚೂರಿನ ವಿಷಯ ಹಿಡಿಸಿತು. "ಚೂರನ್ನ ಯಾವನೂ ಕದಿಯಕಿಲ್ಲ ಬುಡು," ಅಂದರು. ಆಮೇಲೆ ಆ ಮೊಲದ ಲೋಟವನ್ನು ಇನ್ನೊಂದು ಸಲ ತೋರಿಸು ಅಂದರು.